ತೂಕ ತಪ್ಪಿದ ಹೊಣೆ

ಸರಕು ತುಂಬಿದ ಕಂಟೇನರಿನ ದೃಢೀಕೃತ ತೂಕ ತಿಳಿಯದೆ ಅದನ್ನು ಹಡಗಿಗೇರಿಸಕೂಡದೆಂಬ ಅಂತರರಾಷ್ಟ್ರೀಯ ವಿಧಿ 2016ರ ಜುಲೈ 1ರಂದು ಜಾರಿಗೆ ಬಂದಿತು. ಸಾಗರಯಾನಿಗಳ ಜೀವರಕ್ಷಣೆಗೆಂದೇ ಇರುವ ‘ಸೋಲಾಸ್’ ಒಡಂಬಡಿಕೆಯಲ್ಲಿ ಅದಕ್ಕೆ ಸ್ಥಾನ ದೊರೆತಿರುವುದೇ ಅದರ ಗಾಂಭೀರ್ಯಕ್ಕೆ ಸಾಕ್ಷಿ. ಅಂಥದೊಂದು ವಿಧಿಯನ್ನು ರಫ್ತು ಕಡತದ ಮತ್ತೊಂದು ಹಾಳೆಯೆಂದು ಬಗೆಯುವ ಪ್ರವೃತ್ತಿ ಕ್ಷಮಾರ್ಹವಲ್ಲ.

2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಬಿರುಗಾಳಿಗೆ ಒಡಲು ಬಿರಿದ ‘ಎಂಎಸ್‌ಸಿ ನಾಪೋಲಿ’ ಹಡಗಿನಲ್ಲಿ ನೀರು ಸೋಕದೆ ಉಳಿದ ಸುಮಾರು 660 ಕಂಟೇನರುಗಳನ್ನು ತನಿಖೆಗಾಗಿ ತೂಗಿದಾಗ, 137ರ ನಿಜವಾದ ತೂಕಕ್ಕೂ ಘೋಷಿತ ತೂಕಕ್ಕೂ ಮೂರು ಟನ್ನಿಗೆ ಮೀರಿದ ಅಂತರ ಕಂಡುಬಂದಿತು. ಒಂದರಲ್ಲಂತೂ ಆ ಅಂತರ 20 ಟನ್. ಹಡಗಿನ ರಚನೆಯ ದೌರ್ಬಲ್ಯವೇ ಆ ಅವಘಡದ ಪ್ರಧಾನ ಕಾರಣವೆಂಬುದು ನಿಜ. ಉಳಿದಿದ್ದ ಅಲ್ಪ ಸುರಕ್ಷತೆಯನ್ನೂ ತಪ್ಪು ತೂಕ ಸವೆಸಿತೆಂಬುದು ಅಷ್ಟೇ ನಿಜ. 2011ರಲ್ಲಿ ಸ್ಪೇನಿನ ಆಲ್ಹೆಸಿರಾಸ್ ಬಂದರಿನೊಳಗೇ ‘ಡೆನೆಬ್’ ಹಡಗು ಮಗುಚಿದಾಗ, ಕೆಲವು ಕಂಟೇನರುಗಳ ಭಾರ ಘೋಷಣೆಯ ಹಲವು ಪಟ್ಟು ಇದ್ದುದು ಬಯಲಾಯಿತು.

ವಿಧಿಯು ತೂಕದ ಹೊಣೆಯನ್ನು ಸರಕು ಕಳುಹಿಸುವವರ ಮೇಲೆ ಹೊರಿಸಿದೆ. ತುಂಬಿದ ಕಂಟೇನರನ್ನೇ ತೂಗಬಹುದು, ಇಲ್ಲವೇ ಸರಕು, ಪ್ಯಾಕಿಂಗ್, ಆಧಾರದ ಮರಮುಟ್ಟುಗಳ ತೂಕವನ್ನು ಖಾಲಿ ಕಂಟೇನರಿನ ತೂಕಕ್ಕೆ ಕೂಡಿಸಬಹುದು, ಅಂದಾಜಿಗೆ ಎಡೆಯಿಲ್ಲ. ಹಡಗಿನಲ್ಲಿ ಯಾವ ಕಂಟೇನರು ತಳದಲ್ಲಿರಬೇಕು, ಯಾವುದು ಮೇಲೇರಬೇಕು ಎಂಬ ಲೆಕ್ಕವೆಲ್ಲ ಆ ಅಂಕಿಯನ್ನೇ ನಂಬಿ ನಡೆಯುತ್ತದೆ. ಆ ಅಂಕಿ ಸುಳ್ಳಾದರೆ ಬರೆದವರಿಗೆ ಅಪಾಯವಿಲ್ಲ. ಬೆಲೆ ತೆರುವವರು ಕ್ರೇನಿನ ಬಳಿಯ ಕಾರ್ಮಿಕರು, ಟ್ರೇಲರ್ ಚಾಲಕರು, ನಾವಿಕರು.

ತೂಗುತ್ತ ಕುಳಿತರೆ ವಿಳಂಬವಾಗುತ್ತದೆಂಬ ನೆಪ ಇನ್ನು ನಿಲ್ಲುವಂಥದ್ದಲ್ಲ. ವೇಬ್ರಿಡ್ಜ್‌ನಲ್ಲಿ ವಾಹನದ ಮತ್ತು ಇಂಧನದ ತೂಕವನ್ನು ಕಳೆಯಬೇಕು, ಒಂದೇ ಟ್ರೇಲರಿನ ಮೇಲೆ ಎರಡು ಕಂಟೇನರುಗಳಿದ್ದರೆ ಒಟ್ಟು ಭಾರದಿಂದ ಒಂದೊಂದರ ತೂಕ ತಿಳಿಯದು ಎಂಬುದು ದಿಟ. ಆದರೆ ಕಂಟೇನರನ್ನು ಹಿಡಿಯುವ ಕ್ರೇನಿನ ಚೌಕಟ್ಟಿಗೆ, ಅಂದರೆ ಸ್ಪ್ರೆಡರಿಗೆ, ಅಳವಡಿಸಿದ ಭಾರಮಾಪಕ ಲೋಡ್ ಸೆಲ್‌ಗಳು ಕಂಟೇನರನ್ನು ಎತ್ತುವಾಗಲೇ ತೂಗುತ್ತವೆ. ಭಾರ ಒಂದು ಬದಿಗೆ ವಾಲಿದ್ದರೆ ಅದನ್ನೂ ತಿಳಿಸಬಲ್ಲವು.

ಬೆಂಗಳೂರಿನ ವೈಟ್‌ಫೀಲ್ಡ್ ಡಿಪೊದಿಂದ ಬಂದರಿನತ್ತ ಹೊರಡುವ ಕಂಟೇನರಿಗೂ ಪಣಂಬೂರಿನಲ್ಲಿ ಹಡಗೇರುವ ಕಾಫಿಯ ಕಂಟೇನರಿಗೂ ಇದೇ ವಿಧಿ ಅನ್ವಯಿಸುತ್ತದೆ. ಟರ್ಮಿನಲ್‌ಗಳು ಎತ್ತುವ ಹಂತದ ತೂಕವನ್ನು ಘೋಷಣೆಯೊಂದಿಗೆ ತಾಳೆ ನೋಡಬೇಕು, ಸಾಧನಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ವ್ಯತ್ಯಾಸ ಕಂಡದ್ದನ್ನು ದಡದಲ್ಲೇ ತಡೆಯಬೇಕು. ಪದೇ ಪದೇ ತಪ್ಪುವವರನ್ನು ಕೇಂದ್ರದ ನೌಕಾಯಾನ ಆಡಳಿತ ದಂಡನೆಗೆ ಗುರಿಪಡಿಸಬೇಕು. ತೂಗುವ ಸಾಧನ ಕೈಯಲ್ಲಿದ್ದೂ ತೂಗದೆ ಸಾಗಿಸಿದ ಹೊರೆ ಮುಂದೊಂದು ದಿನ ಜೀವ ತೆಗೆದರೆ, ಅದನ್ನು ಕಡಲಿನ ಮುನಿಸೆಂದು ಕರೆಯುವ ಹಕ್ಕು ಯಾರಿಗೂ ಇರುವುದಿಲ್ಲ.