ಅಟ್ಟದ ಮೇಲಿನ ಆಂಪ್ಲಿಫೈಯರು

ಹಿರಿಯರು ಕೊಂಡು, ಬಳಸಿ, ಕಡೆಗೆ ಅಟ್ಟಕ್ಕೇರಿಸಿ ಹೋದ ಪದಾರ್ಥಗಳ ವಿಚಾರದಲ್ಲಿ ಗೃಹಸ್ಥನ ಮನಸ್ಸು ಎರಡಾಗುವುದು ಸಹಜ. ಎಸೆಯಲು ಮನಸ್ಸು ಬಾರದು. ಇಟ್ಟುಕೊಳ್ಳಲು ಸ್ಥಳ ಸಾಲದು. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಅಂಥದೊಂದು ಪದಾರ್ಥವಿದೆ. ನಮ್ಮ ತೀರ್ಥರೂಪರು ೧೯೬೦ರ ದಶಕದಲ್ಲಿ ಬೀದಿಯ ರಾಮೋತ್ಸವಕ್ಕೆಂದು ಕೊಂಡುತಂದ ವಾಲ್ವ್ ಆಂಪ್ಲಿಫೈಯರು ಅದು. ಜನರ ಬಾಯಲ್ಲಿ ಅದು ಮೈಕ್ ಸೆಟ್ಟು. ಎಷ್ಟೋ ಹರಿಕಥೆಗಳಿಗೂ ಮದುವೆಗಳಿಗೂ ಅದು ದನಿ ಕೊಟ್ಟಿತು. ಹೊಸ ಬಗೆಯ ಹಗುರವಾದ ಸೆಟ್ಟುಗಳು ಬಂದ ಮೇಲೆ ಮೂಲೆ ಸೇರಿತು.

ಈಚೆಗೆ ರಜಕ್ಕೆ ಬಂದ ನಮ್ಮ ಸೋದರಳಿಯನು ಅದನ್ನು ಕಂಡು ಕುಣಿದಾಡಿಬಿಟ್ಟನು. ಬೆಂಗಳೂರಿನಲ್ಲಿ ಓದುತ್ತಿರುವ ಈ ಹುಡುಗನಿಗೆ ಗಿಟಾರ್ ವಾದ್ಯದ ಗೀಳು. "ಮಾವ, ಇದು ವಾಲ್ವಿನದು! ಗಿಟಾರ್ ನುಡಿಸುವವರು ಇಂಥದ್ದನ್ನು ಎಷ್ಟು ಹುಡುಕುತ್ತಾರೆ ಗೊತ್ತೆ?" ಎಂದನು. ನಾವು ನಕ್ಕೆವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದಲ್ಲಿ ಸಕಲ ನಾದವೂ ಹೊರಡುವ ಈ ಕಾಲದಲ್ಲಿ ಎರಡು ಕೈಗಳಲ್ಲಿ ಎತ್ತಲಾರದ ಕಬ್ಬಿಣದ ಪೆಟ್ಟಿಗೆ ಯಾರಿಗೆ ಬೇಕು ಎಂಬುದು ನಮ್ಮ ಎಣಿಕೆಯಾಗಿತ್ತು.

ವಾಲ್ವ್ ಎಂದರೇನೆಂಬುದನ್ನು ಕಿರಿಯ ವಾಚಕರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇವೆ. ಗಾಳಿಯನ್ನು ಹೊರದೆಗೆದ ಗಾಜಿನ ಬುರುಡೆಯೊಳಗೆ ಒಂದು ತಂತು ಕೆಂಪಗೆ ಕಾಯುತ್ತದೆ. ಆ ಕಾವಿನಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ಲೋಹದ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ಸಣ್ಣ ತಂತಿಯ ಜಾಲರಿಯೊಂದಿರುತ್ತದೆ. ನಮ್ಮ ಸೀಮೆಯ ಕೆರೆಗಳ ತೂಬನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ತೂಬನ್ನು ಬೆರಳಷ್ಟು ಎತ್ತಿದರೆ ಕಾಲುವೆಯ ತುಂಬ ನೀರು. ಬೆರಳಷ್ಟು ಇಳಿಸಿದರೆ ನೀರು ನಿಂತಿತು. ಹಾಗೆಯೇ ಜಾಲರಿಯ ಮೇಲಿನ ಅತ್ಯಲ್ಪವಾದ ವಿದ್ಯುತ್ತಿನ ಏರಿಳಿತವು ದೊಡ್ಡ ಪ್ರವಾಹವನ್ನು ಆಳುತ್ತದೆ. ೧೯೦೪ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬವರು ಜಾಲರಿಯಿಲ್ಲದ ಮೊದಲ ವಾಲ್ವನ್ನು ಮಾಡಿದರು. ೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟರು ಅದಕ್ಕೆ ಜಾಲರಿಯನ್ನು ಸೇರಿಸಿದರು. ೧೯೪೭ರಲ್ಲಿ ಟ್ರಾನ್ಸಿಸ್ಟರು ಹುಟ್ಟಿ ಕ್ರಮೇಣ ವಾಲ್ವಿನ ಸ್ಥಾನವನ್ನು ಆಕ್ರಮಿಸಿತು. ಆದರೂ ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೧ರಿಂದ ಫಿಲಿಪ್ಸ್ ಕಂಪೆನಿಯ ಸಹಾಯದೊಡನೆ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ನಮ್ಮ ಪೆಟ್ಟಿಗೆಯಲ್ಲಿ ಉರಿಯುವ ದೀಪಗಳು ಹೀಗೆ ನಮ್ಮ ನೆರೆಯ ಊರಿನಲ್ಲೇ ಹುಟ್ಟಿದವು.

ಗಿಟಾರಿಗೂ ಹರಿಕಥೆಯ ಸೆಟ್ಟಿಗೂ ಏನು ನಂಟು ಎಂದು ಕೇಳಬಹುದು. ಎರಡೂ ಒಂದೇ ಕುಲದವು. ಅಮೆರಿಕದಲ್ಲಿ ಗಿಟಾರ್ ಆಂಪ್ಲಿಫೈಯರುಗಳಿಗೆ ಹೆಸರಾದ ಲಿಯೋ ಫೆಂಡರರು ಮೊದಲು ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದವರು. ೧೯೬೨ರಲ್ಲಿ ಲಂಡನ್ನಿನ ಜಿಮ್ ಮಾರ್ಷಲರು ಫೆಂಡರರ ಮಾದರಿಯನ್ನೇ ಮುಂದಿಟ್ಟುಕೊಂಡು ತಮ್ಮ ಮೊದಲ ಆಂಪ್ಲಿಫೈಯರನ್ನು ಹೊರತಂದರು. ವಾಲ್ವಿನ ಸೆಟ್ಟಿಗೆ ಅದರ ಶಕ್ತಿಗೆ ಮೀರಿ ಕೆಲಸ ಕೊಟ್ಟಾಗ ದನಿಯು ತಟಕ್ಕನೆ ಮುರಿಯದೆ ಅಂಚು ಸವೆದು ದುಂಡಗಾಗುತ್ತದೆ. ಭಾಷಣಕ್ಕೆ ಇದೊಂದು ದೋಷ. ಗಿಟಾರಿನವರಿಗೆ ಇದೇ ಗುಣ. ನಮ್ಮ ಹುಡುಗನು ಹಾರ್ನಿನ ಬದಲು ಪೆಟ್ಟಿಗೆಯ ಸ್ಪೀಕರೊಂದನ್ನು ಜೋಡಿಸಿ ನುಡಿಸಿ ತೋರಿಸಿದನು. ಮೆಲ್ಲಗೆ ಮೀಟಿದರೆ ತಿಳಿಯಾದ ನಾದ; ಬಲವಾಗಿ ಮೀಟಿದರೆ ಉಸಿರು ಕಟ್ಟಿ ಹಾಡುವ ಗಾಯಕನ ಕಂಠದಂತೆ ತುಂಬಿದ ನಾದ. ನಮ್ಮ ನಗೆ ಅಡಗಿತು.

ಮೊದಲನೆಯ ಸಂಜೆ ಹೀಗೆ ಸಂತೋಷವಾಗಿ ಕಳೆಯಿತು. ಎರಡನೆಯ ಸಂಜೆ ನಡೆದುದನ್ನು ಬರೆಯಲು ಈಗಲೂ ಕೈ ನಡುಗುತ್ತದೆ. ಹುಡುಗನು ಗಿಟಾರಿನ ತಂತಿಗಳ ಮೇಲೆ ಕೈಯಿಟ್ಟುಕೊಂಡು, ಬೇರೊಂದು ಹೊಸ ಸೆಟ್ಟಿಗೆ ಜೋಡಿಸಿದ್ದ ಮೈಕಿನಲ್ಲಿ ಹಾಡಲು ಹೋದನು. ತುಟಿ ಮೈಕಿಗೆ ತಾಗಿದ್ದೇ ತಡ, ಕಿಡಿ ಹಾರಿ ಹಿಂದಕ್ಕೆ ಬಿದ್ದನು. ದೇವರ ದಯೆಯಿಂದ ಬೀಳುವ ರಭಸಕ್ಕೆ ಮೈಕು ತುಟಿಯಿಂದ ದೂರವಾಯಿತು. ತುಟಿ ಸುಟ್ಟಿತ್ತು, ಜೀವ ಉಳಿದಿತ್ತು. ಹಿಂದಿನ ದಿನವಷ್ಟೇ ಅಂಗಡಿಯವರೊಬ್ಬರು ಆ ಸೆಟ್ಟಿನ ಧೂಳು ಊದಿ, "ಎಲ್ಲ ಸರಿಯಾಗಿದೆ" ಎಂದು ಕೊಟ್ಟಿದ್ದರು.

ಕಾರಣವನ್ನು ಆಮೇಲೆ ತಿಳಿದವರೊಬ್ಬರು ಬಿಡಿಸಿ ಹೇಳಿದರು. ಹಳೆಯ ಸೆಟ್ಟಿಗೆ ಎರಡೇ ಕಡ್ಡಿಯ ಪ್ಲಗ್ಗು, ಅರ್ಥ್ ತಂತಿಯಿಲ್ಲ. ಮನೆಯ ವಿದ್ಯುತ್ತಿನ ಒಂದು ತಂತಿಗೂ ಸೆಟ್ಟಿನ ಲೋಹದ ಮೈಗೂ ನಡುವೆ ಒಂದು ಪುಟ್ಟ ಕೆಪಾಸಿಟರನ್ನು ಅಂದಿನವರು ಇಡುತ್ತಿದ್ದರು. ಅದು ವಯಸ್ಸಾಗಿ ಒಳಗೇ ಕೂಡಿಕೊಂಡಿತ್ತು. ಮೊದಲ ದಿನ ಪ್ಲಗ್ಗು ಒಂದು ಮಗ್ಗುಲಾಗಿ ಕುಳಿತಿತ್ತು; ಅಪಾಯವಾಗಲಿಲ್ಲ. ಮರುದಿನ ಅದನ್ನೇ ತಿರುಗಿಸಿ ಚುಚ್ಚಿದ್ದರಿಂದ ೨೩೦ ವೋಲ್ಟೂ ಪೆಟ್ಟಿಗೆಯ ಮೈಗೆ, ಅಲ್ಲಿಂದ ಗಿಟಾರಿನ ತಂತಿಗೆ ಬಂತು. ಮೈಕಿನ ಮೈ ಹೊಸ ಸೆಟ್ಟಿನ ಮೂಲಕ ಭೂಮಿಗೆ ಸೇರಿತ್ತು. ನಡುವೆ ನಿಂತವನು ಹುಡುಗ. ೧೯೭೨ನೆಯ ಮೇ ೩ರಂದು ಬ್ರಿಟನ್ನಿನ ಸ್ವಾನ್ಸೀ ಪಟ್ಟಣದ ಕಚೇರಿಯೊಂದರಲ್ಲಿ ಲೆಸ್ ಹಾರ್ವೆ ಎಂಬ ತರುಣ ಗಿಟಾರ್ ವಾದಕರು ಹೀಗೆಯೇ, ಕೈಯಲ್ಲಿ ಗಿಟಾರ್ ಹಿಡಿದು ಸರಿಯಾಗಿ ಅರ್ಥ್ ಆಗಿರದ ಮೈಕನ್ನು ಮುಟ್ಟಿ, ವೇದಿಕೆಯ ಮೇಲೆಯೇ ಅಸುನೀಗಿದರು.

"ಮಾವನವರ ಗುರುತು ದೊಡ್ಡದೋ, ಮಗುವಿನ ಜೀವ ದೊಡ್ಡದೋ? ನಾಳೆಯೇ ಗುಜರಿಯವನನ್ನು ಕರೆಯಿರಿ" ಎಂದರು ನಮ್ಮ ಮನೆಯವರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ತಿಂಗಳ ವಾಯಿದೆ ಕೇಳಿ, ಇಂಥ ಸೆಟ್ಟುಗಳನ್ನು ಇಂದಿಗೂ ಇಟ್ಟುಕೊಂಡಿರುವ ಆಸುಪಾಸಿನ ಊರುಗಳ ಪರಿಚಯಸ್ಥರನ್ನು ವಿಚಾರಿಸಲು ಹೊರಟೆವು.

ಗೌರಿಬಿದನೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಸೆಟ್ಟಿನಲ್ಲಿ ಸದಾ "ಗುಂಯ್" ಎಂಬ ಸದ್ದು ಬರುತ್ತಿತ್ತಂತೆ. ವಾಲ್ವ್ ಕೆಟ್ಟಿತೆಂದು ಎರಡು ಬಾರಿ ಹೊಸದು ತಂದರೂ ಸದ್ದು ಹೋಗಲಿಲ್ಲ. ತಪ್ಪು ವಾಲ್ವಿನದಲ್ಲ, ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ದೊಡ್ಡ ಕೆಪಾಸಿಟರುಗಳ ಒಳಗಿನ ರಸ ಒಣಗಿತ್ತು. ಅವನ್ನು ಬದಲಿಸಿದ ಮೇಲೆ ಸೆಟ್ಟು ಮೌನವಾಯಿತು. ಅವರು ನಮಗೆ ಒಂದು ಒಳ್ಳೆಯ ಮಾತು ಹೇಳಿದರು: "ನಮ್ಮೂರಲ್ಲಿ ೧೯೬೫ರಿಂದ ಭೂಮಿಯ ನಡುಕವನ್ನು ಆಲಿಸುವ ಕೇಂದ್ರವಿದೆ; ೧೯೭೬ರಿಂದ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವೂ ಇದೆ. ಅಲ್ಲಿನ ಕಷ್ಟವೂ ಇದೇ ಸ್ವಾಮಿ. ಸಣ್ಣದನ್ನು ದೊಡ್ಡದು ಮಾಡುವ ಯಂತ್ರ ಬೇಕಾದ್ದನ್ನೂ ಬೇಡವಾದ್ದನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಒಳಗಿನ ಗದ್ದಲವನ್ನು ಮೊದಲು ಅಡಗಿಸಬೇಕು."

ಚಿಂತಾಮಣಿಯ ಭಜನಾ ಮಂಡಲಿಯೊಂದರವರು ಕೈವಾರದ ತಾತಯ್ಯನವರ ಪದಗಳನ್ನು ಹಾಡುವಾಗ ಹಳೆಯ ಸೆಟ್ಟನ್ನೇ ಬಳಸುತ್ತಾರೆ. ಹಾರ್ಮೋನಿಯಮ್ಮಿಗೂ ತಾಳಕ್ಕೂ ಅದರ ನಾದ ಒಗ್ಗುತ್ತದೆಂದು ಅವರ ಅಭಿಪ್ರಾಯ. ಒಂದು ರಾತ್ರಿ ಸ್ಪೀಕರಿನ ತಂತಿ ಕಳಚಿಬಿದ್ದುದನ್ನು ಕಾಣದೆ, ದನಿ ಬರಲಿಲ್ಲವೆಂದು ಗುಂಡಿಯನ್ನು ಕಡೆಯವರೆಗೆ ತಿರುಗಿಸಿದರಂತೆ. ವಾಲ್ವಿಗೂ ಸ್ಪೀಕರಿಗೂ ನಡುವಣ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಹೊರಹೋಗಲು ದಾರಿಯಿಲ್ಲದ ಶಕ್ತಿಯು ಆ ಸುರುಳಿಯಲ್ಲೇ ಅಧಿಕ ವೋಲ್ಟೇಜಾಗಿ ಸಿಡಿಯುತ್ತದೆ. ಸುರುಳಿಯನ್ನು ಹೊಸದಾಗಿ ಸುತ್ತಬಲ್ಲವರನ್ನು ಹುಡುಕಿಕೊಂಡು ಅವರು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯವರೆಗೆ ಅಲೆಯಬೇಕಾಯಿತು.

ಶಿಡ್ಲಘಟ್ಟದ ಗೃಹಸ್ಥರೊಬ್ಬರದು ರೇಷ್ಮೆಯ ನೂಲು ಬಿಚ್ಚಣಿಕೆಯ ಕಸುಬು. ಗೂಡು ಬೇಯಿಸುವ ಕೊಠಡಿಯ ಮಗ್ಗುಲಲ್ಲೇ ಸೆಟ್ಟನ್ನಿಟ್ಟಿದ್ದರು. ಹಗಲಿಡೀ ಹಬೆ. ಕೆಲವು ಕಾಲದಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು ಮೊದಲಾಯಿತು. ಕೆಟ್ಟಿದ್ದು ವಾಲ್ವಲ್ಲ, ಅದು ಕುಳಿತುಕೊಳ್ಳುವ ಸಾಕೆಟ್ಟಿನ ಕಿಲುಬು. ಶುದ್ಧಮಾಡಿ, ಸೆಟ್ಟನ್ನು ಒಣಗಿದ ಕೋಣೆಗೆ ಸಾಗಿಸಿದ ಮೇಲೆ ಹಳೆಯ ವಾಲ್ವುಗಳೇ ಇಂದಿಗೂ ನಡೆಯುತ್ತಿವೆ.

ಈ ಮೂವರ ಅನುಭವವನ್ನೂ ನಮ್ಮದರೊಡನೆ ಕೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಯಾರ ಮನೆಯಲ್ಲಿಯೂ ಅಪರಾಧಿ ವಾಲ್ವಾಗಿರಲಿಲ್ಲ. ಕಣ್ಣಿಗೆ ಕಾಣುವ ದೀಪವನ್ನೇ ಎಲ್ಲರೂ ದೂರಿದರು. ಕಾಣದ ಸಣ್ಣ ಭಾಗಗಳನ್ನು ಯಾರೂ ಕೇಳಲಿಲ್ಲ. ಇಂಥ ಸೆಟ್ಟುಳ್ಳ ವಾಚಕರ ಉಪಯೋಗಕ್ಕಾಗಿ ಕೆಲವು ನಿಯಮಗಳನ್ನು ಇಲ್ಲಿ ಕೊಡುತ್ತೇವೆ.

೧. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸಕೂಡದು. ಬಲ್ಲ ಮೆಕ್ಯಾನಿಕ್ಕು ಮೊದಲು ಸೀರೀಸ್ ಬಲ್ಬಿನ ಮೂಲಕ ಪರೀಕ್ಷಿಸುತ್ತಾನೆ. ಬಲ್ಬು ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಒಳಗೆ ದೋಷವಿದೆಯೆಂದು ಅರ್ಥ.

೨. ಮೂರು ಕಡ್ಡಿಯ ಪ್ಲಗ್ಗು ಹಾಕಿಸಿ, ಲೋಹದ ಮೈಯನ್ನು ಅರ್ಥಿಗೆ ಸೇರಿಸಬೇಕು. ಮೇಲೆ ಹೇಳಿದ ಪುಟ್ಟ ಕೆಪಾಸಿಟರನ್ನು ತೆಗೆಸಬೇಕು. ಮನೆಯ ಅರ್ಥೂ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ೩೦ ಮಿಲಿ ಆಂಪೇರಿನ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಬ್ರೇಕರು ಮನೆಯಲ್ಲಿರುವುದು ಉತ್ತಮ.

೩. ಹಳೆಯ ರೇಡಿಯೋಗಳಲ್ಲಿ ಕೆಲವಕ್ಕೆ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಎ.ಸಿ., ಡಿ.ಸಿ. ಎರಡಕ್ಕೂ ನಡೆಯುವ ಇಂಥ ರೇಡಿಯೋಗಳ ಒಳಮೈಯೇ ವಿದ್ಯುತ್ತಿಗೆ ಸೇರಿರುತ್ತದೆ. ಅವಕ್ಕೆ ಗಿಟಾರನ್ನಾಗಲಿ ಮೈಕನ್ನಾಗಲಿ ಎಂದಿಗೂ ಜೋಡಿಸಬಾರದು.

೪. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ೩೦೦ ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. ಅರಿಯದವರು ಮುಚ್ಚಳ ತೆರೆಯುವುದು ಹುತ್ತಕ್ಕೆ ಕೈಯಿಟ್ಟಂತೆ.

೫. ಸ್ಪೀಕರು ಜೋಡಿಸದೆ ಸೆಟ್ಟು ಹಾಕಬಾರದು. ಸೆಟ್ಟಿನ ಮೇಲೆ ಬರೆದಿರುವ ಓಮ್ ಸಂಖ್ಯೆಗೂ ಸ್ಪೀಕರಿನ ಸಂಖ್ಯೆಗೂ ಹೊಂದಿಕೆಯಿರಬೇಕು.

೬. ತಂತು ಕಿತ್ತಳೆ ಬಣ್ಣಕ್ಕೆ ಉರಿಯುವುದು ಸಹಜ. ಅದರ ಸುತ್ತಣ ಬೂದು ತಗಡು ಕೆಂಪಾದರೆ ಆ ಕ್ಷಣವೇ ಆರಿಸಬೇಕು. ಆರಿಸಿದ ಮೇಲೆ ಬಿಸಿ ಆರುವವರೆಗೂ ಸೆಟ್ಟನ್ನು ಕದಲಿಸಬಾರದು. ಕಾದ ತಂತು ಬಲು ನಾಜೂಕು.

ಈ ನಿಯಮಗಳಂತೆಯೇ ನಮ್ಮ ಸೆಟ್ಟನ್ನೂ ಬಲ್ಲವರಿಂದ ದುರಸ್ತು ಮಾಡಿಸಿದೆವು. ಬದಲಾದುವು ಕೆಪಾಸಿಟರುಗಳು, ಕೆಲವು ರೆಸಿಸ್ಟರುಗಳು, ಪ್ಲಗ್ಗು ಮತ್ತು ತಂತಿ. ನಾಲ್ಕು ವಾಲ್ವುಗಳಲ್ಲಿ ಒಂದನ್ನೂ ಬದಲಿಸಬೇಕಾಗಲಿಲ್ಲ. ಮುಂದೆ ಬೇಕಾದರೂ ರಷ್ಯ, ಸ್ಲೊವಾಕಿಯ, ಚೀನ ದೇಶಗಳಲ್ಲಿ ಹೊಸ ವಾಲ್ವುಗಳು ಇಂದಿಗೂ ತಯಾರಾಗುತ್ತಿವೆ ಎಂಬುದು ಸಮಾಧಾನದ ವಿಷಯ.

ನಮ್ಮ ಮನೆಯವರು ಒಪ್ಪಿದರೇ ಎಂದು ವಾಚಕರು ಕೇಳಬಹುದು. ದುರಸ್ತಾಗಿ ಬಂದ ದಿನ ಅವರು ಮೆಕ್ಯಾನಿಕ್ಕಿನ ಕೈಯಲ್ಲಿ ಮೀಟರಿನಿಂದ ಪೆಟ್ಟಿಗೆಯ ಮೈಯನ್ನು ಪ್ಲಗ್ಗಿನ ಅರ್ಥ್ ಕಡ್ಡಿಯವರೆಗೆ ಅಳೆಯಿಸಿ, ಸೊನ್ನೆಯ ಹತ್ತಿರದ ಅಂಕಿಯನ್ನು ತಾವೇ ಕಣ್ಣಾರೆ ನೋಡಿದ ಮೇಲೆಯೇ ಹುಡುಗನಿಗೆ ಗಿಟಾರನ್ನು ಕೊಟ್ಟರು. ಅವನು ಅರ್ಧ ನಿಮಿಷ ಕಾದನು. ದೀಪಗಳು ಒಂದೊಂದಾಗಿ ಕೆಂಪೇರಿದವು. ಆಮೇಲೆ ಅವನು ನುಡಿಸಿದ್ದು ತಾತನವರ ರಾಮೋತ್ಸವದಲ್ಲಿ ಪ್ರತಿವರ್ಷವೂ ಮೊದಲು ಹಾಡುತ್ತಿದ್ದ ಕೀರ್ತನೆಯನ್ನು. ನಮ್ಮ ಮನೆಯವರು ಅಡಿಗೆಮನೆಯಿಂದ ಹೊರಗೆ ಬಂದು ಕಂಬಕ್ಕೊರಗಿ ಕೇಳಿದರು. ಮುಗಿದ ಮೇಲೆ, "ಪ್ಲಗ್ಗು ಕಿತ್ತಿಡು" ಎಂದಷ್ಟೇ ಹೇಳಿದರು.

ಗುಜರಿಯವನನ್ನು ಕರೆಯುವ ಮಾತು ಆಮೇಲೆ ಬರಲಿಲ್ಲ. ಹಿರಿಯರ ಪದಾರ್ಥವನ್ನು ಉಳಿಸಿಕೊಳ್ಳುವುದೆಂದರೆ ಇದ್ದಂತೆಯೇ ಇಟ್ಟು ಕೈಮುಗಿಯುವುದಲ್ಲ. ಅದರಲ್ಲಿ ಸವೆದುದನ್ನು ಕಂಡುಹಿಡಿದು ತಿದ್ದಿ, ನಿರ್ಭಯವಾಗಿ ಮಕ್ಕಳ ಕೈಗೆ ಕೊಡುವುದು. ಅಟ್ಟದ ಮೇಲೆ ಇಂಥ ಪೆಟ್ಟಿಗೆಯಿರುವ ವಾಚಕರು ಅದನ್ನು ಕೆಳಗಿಳಿಸಲಿ. ಆದರೆ ಬಲ್ಲವರು ನೋಡುವವರೆಗೂ ಪ್ಲಗ್ಗನ್ನು ಚುಚ್ಚದಿರಲಿ ಎಂಬುದೇ ನಮ್ಮ ಬಿನ್ನಹ.