ಕಂಬಳಿಗೆ ಮಾತ್ರ ಚೌಕಾಸಿಯೇ?

ಚೌಕಾಸಿ ಮಾಡುವವರಾದರೆ ಎಲ್ಲ ಕಡೆಯೂ ಮಾಡಿ, ನನ್ನ ತಕರಾರಿಲ್ಲ. ದೊಡ್ಡ ಜವಳಿ ಅಂಗಡಿಗೆ ಹೋಗಿ, ಅಚ್ಚು ಹಾಕಿದ ಬೆಲೆಚೀಟಿ ನೋಡಿ, ತುಟಿ ಬಿಚ್ಚದೆ ನೋಟು ಎಣಿಸಿಕೊಟ್ಟು ಬರುವ ನಾವೇ, ಕೈಯಲ್ಲಿ ನೇಯ್ದ ಕಂಬಳಿ ಕಂಡ ಕೂಡಲೇ "ಒಂದಿನ್ನೂರು ಕಮ್ಮಿ ಮಾಡ್ಕೊಳ್ಳಿ" ಎನ್ನುತ್ತೇವಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಹಿರಿಯೂರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ, ನನ್ನದೊಂದು ಪುಟ್ಟ ಅಂಗಡಿ ಇದೆ. ಬೊಟಿಕ್ ಎನ್ನಲು ಸಂಕೋಚ. ನಮ್ಮೂರಲ್ಲಿ ಬೊಟಿಕ್ ಎಂದರೆ ಬ್ಲೌಸ್ ಹೊಲಿಯುವ ಜಾಗ, ಬಂದವರು ಮೊದಲು ಕೇಳುವುದೇ "ಫಾಲ್ಸ್ ಹಾಕ್ತೀರಾ?" ಎಂದು. ಇಲ್ಲಿರುವುದು ನಮ್ಮ ಜಿಲ್ಲೆಯವರ ಕೆಲಸ: ಚಳ್ಳಕೆರೆ ಕಡೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ತಾಂಡಾದ ಹೆಂಗಸರು ಕನ್ನಡಿ ಕೂರಿಸಿ ಹೊಲಿದ ಚೀಲ, ಡ್ರಾಯಿಂಗ್ ಮೇಷ್ಟ್ರೊಬ್ಬರು ಬಿಡಿಸಿದ ಕೋಟೆಯ ಚಿತ್ರಗಳು.

ಕಂಬಳಿಯ ವಿಷಯವನ್ನೇ ನೋಡಿ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂಲಬೇಕು. ನೂಲುವವರು ಹೆಚ್ಚಾಗಿ ಹೆಂಗಸರೇ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸಬೇಕು. ಮಳೆ ಹಿಡಿದರೆ ಆ ದಿನದ ಕೆಲಸ ಹೋಯಿತು. ಸೀರೆಯ ಕಥೆ ಇನ್ನೊಂದು. ಒಡಲಿನ ಬಣ್ಣ ಅಂಚಿಗೆ ಬೆರೆಯದಂತೆ ಬರಬೇಕಾದರೆ ಮೂರು ಲಾಳಿ ಆಡಬೇಕು, ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಹಾಗೆ ಕೂರುವವಳು ಎಷ್ಟೋ ಮನೆಗಳಲ್ಲಿ ಹೆಂಡತಿ ಅಥವಾ ಮಗಳು. ಅವಳ ಕೂಲಿ ಯಾವ ಲೆಕ್ಕದಲ್ಲೂ ಬರುವುದಿಲ್ಲ. ನಾವು ಗೆದ್ದೆವೆಂದು ಬೀಗುವ ಆ ಇನ್ನೂರು ಯಾರ ಸೆರಗಿನ ಗಂಟಿನಿಂದ ಬಂತು ಹೇಳಿ?

ಹಾಗೆಂದು ಕೊಳ್ಳುವವರನ್ನಷ್ಟೇ ಬೈದರೆ ಅನ್ಯಾಯ. ಅಂಗಡಿಯವರ ಪಾಲೇ ಹೆಚ್ಚು. 'ಸ್ಥಳೀಯ ಕಲಾವಿದರಿಗೆ ವೇದಿಕೆ' ಎಂದು ಚೆಂದದ ಬೋರ್ಡು ತೂಗುಹಾಕಿ, ಒಳಗೆ ನಡೆಸುವ ವ್ಯವಹಾರ ಇಷ್ಟು: ಸರಕು ಈಗ ಕೊಡಿ, ದುಡ್ಡು ಮಾರಿದ ಮೇಲೆ. ನನಗೆ ಪರಿಚಯದ ಹೆಂಗಸೊಬ್ಬಳು ನಗರದ ಅಂಥದೊಂದು ಅಂಗಡಿಗೆ ಕಂಬಳಿ ಬಟ್ಟೆಯ ಹನ್ನೆರಡು ಚೀಲ ಕೊಟ್ಟಳು. ಎಂಟು ತಿಂಗಳಾದ ಮೇಲೆ ಒಂಬತ್ತು ವಾಪಸು ಬಂದವು, ನಾಲ್ಕಕ್ಕೆ ಹುಳ ಬಿದ್ದಿತ್ತು. ಆ ಎಂಟು ತಿಂಗಳು ಅವರ ಕಪಾಟು ತುಂಬಿದ್ದು ಯಾರ ಬಂಡವಾಳದಿಂದ? ವೇದಿಕೆಯಂತೆ!

ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಊರೂರು ತಿರುಗಿದ್ದು ಕುಶಲಕರ್ಮಿಗಳಿಗೆ ಚಪ್ಪಾಳೆ ಕೊಡಿಸಲಿಕ್ಕಲ್ಲ, ಮಾರುಕಟ್ಟೆ ಕೊಡಿಸಲಿಕ್ಕೆ. ಹೆಗ್ಗೋಡಿನ ಬಳಿ 'ಚರಕ'ದ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು, ತಾವೇ ಬಣ್ಣ ಹಾಕಿ, ತಾವೇ ನೇಯ್ದದ್ದು 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತಾ ಬಂತು. 2020ರಲ್ಲಿ ಮಾಲು ಮಾರಾಟವಾಗದೆ ಅವರೂ ಸಂಕಟಕ್ಕೆ ಸಿಕ್ಕರು. ಅಂದರೆ ಸಂಘವಿದ್ದರೂ ಕೊಳ್ಳುವ ಕೈ ಬೇಕು, ನಿಜ. ಆದರೆ ನಷ್ಟದ ಹೊರೆಯನ್ನೆಲ್ಲ ನೂಲುವವಳೊಬ್ಬಳ ತಲೆಗೇ ಕಟ್ಟುವ ಪದ್ಧತಿಗಿಂತ ಅದು ಸಾವಿರ ಪಾಲು ಮೇಲು.

"ಕೈಯಿಂದ ನಗದು ಹಾಕಿದರೆ ಅಂಗಡಿ ನಡೆಯುವುದುಂಟೇ?" ಎಂದು ನನ್ನನ್ನು ಕೇಳುವವರಿದ್ದಾರೆ. ಕಡಿಮೆ ಸರಕು ಇಟ್ಟರೆ ನಡೆಯುತ್ತದೆ. ನನ್ನಲ್ಲಿ ಒಮ್ಮೆಗೆ ಆರು ಸೀರೆಗಿಂತ ಹೆಚ್ಚಿರುವುದಿಲ್ಲ. ಆರಕ್ಕೂ ದುಡ್ಡು ಕೊಟ್ಟೇ ತಂದದ್ದು. ಮಾರದೆ ಉಳಿದರೆ ನಾನು ಉಡುತ್ತೇನೆ. ಇನ್ನು, ಅದೇ ಬೆಲೆಗೆ ಪವರ್‌ಲೂಮಿನದು ಎರಡು ಸಿಗುತ್ತವೆ ಎನ್ನುವವರು ಧಾರಾಳವಾಗಿ ಕೊಳ್ಳಲಿ. ಅದಕ್ಕೆ ಮೊಳಕಾಲ್ಮೂರು ಎಂದು ಹೆಸರಿಟ್ಟು ಮಾರಬೇಡಿ ಅಷ್ಟೆ. ಕೆಲವು ಬಗೆಯ ಸೀರೆಗಳನ್ನೂ ಕಂಬಳಿಯನ್ನೂ ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನು 1985ರಲ್ಲೇ ಬಂದಿದೆ.

ಹೆಸರಿನ ಮಾತು ಬಂತಲ್ಲ. 2022ರಲ್ಲಿ ಮಾರಿಕಣಿವೆ ತುಂಬಿ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. 1907ರಲ್ಲಿ ಮುಗಿದ ಆ ಅಣೆಕಟ್ಟಿಗೆ ಸರ್ಕಾರ ಇಟ್ಟದ್ದು ಮಹಾರಾಣಿ ವಾಣಿವಿಲಾಸರ ಹೆಸರು, ಜನ ಇಟ್ಟುಕೊಂಡದ್ದು ಮಾರಮ್ಮನದು. ಎರಡೂ ಹೆಣ್ಣು ಹೆಸರೇ ಎಂದು ನನಗೆ ಹೆಮ್ಮೆ. ಆದರೆ ಅಲ್ಲಿ ಕಲ್ಲು ಮಣ್ಣು ಹೊತ್ತ ಒಬ್ಬಳ ಹೆಸರಾದರೂ ನಮಗೆ ಗೊತ್ತೇ?

ಆದ್ದರಿಂದಲೇ ನನ್ನ ಅಂಗಡಿಯಲ್ಲಿ ಪ್ರತಿಯೊಂದಕ್ಕೂ ಎರಡು ಚೀಟಿ. ಒಂದರಲ್ಲಿ ಬೆಲೆ. ಇನ್ನೊಂದರಲ್ಲಿ ನೂತವರು, ನೇಯ್ದವರು, ಅವರ ಊರು, ದುಡ್ಡು ಕೊಟ್ಟ ತಾರೀಖು. "ಉಡುಗೊರೆ ಕೊಡೋದು, ಚೀಟಿ ಕಿತ್ತುಬಿಡಿ" ಎಂದು ಕೇಳುತ್ತಾರೆ. ಬೆಲೆಯದನ್ನು ಮಾತ್ರ ಕಿತ್ತು ಕೊಡುತ್ತೇನೆ.