ಗೋರಿಗೂ ಗೋಡೆಯೇ?



ದೇವರನ್ನು ಪ್ರೀತಿಸು, ನೆರೆಯವನನ್ನೂ ಪ್ರೀತಿಸು ಅನ್ನೋದು ಏಸುವಿನ ಮಾತು. ನೆರೆಯವನು ಯಾರು ಅಂತ ಶಾಸ್ತ್ರಿಯೊಬ್ಬ ಕೇಳಿದಾಗ ಏಸು ಕತೆ ಹೇಳಿದ. ಏಟು ತಿಂದು ದಾರೀಲಿ ಬಿದ್ದವನನ್ನು ಕಂಡೂ ಪೂಜಾರಿ ಪಕ್ಕಕ್ಕೆ ಸರಿದು ಹೋದ. ಗಾಯ ಕಟ್ಟಿದವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು.

ಈ ಕತೆ ಓದುವ ಚರ್ಚಿನವರೇ ತಮಿಳುನಾಡಿನ ತಿರುಚ್ಚಿಯಲ್ಲಿ ಸ್ಮಶಾನಕ್ಕೆ ನಡುಗೋಡೆ ಹಾಕಿ ದಲಿತ ಕ್ರೈಸ್ತರ ಹೆಣಗಳನ್ನು ಆಚೆಗಿಟ್ಟರು! ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ 2016ರಲ್ಲಿ ಕ್ಯಾಥೋಲಿಕ್ ಬಿಷಪ್ಪರೇ ಒಪ್ಪಿದರು. ಒಪ್ಪಿದರೆ ಸಾಕೆ? ಇತ್ತ 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. ಸರ್ಕಾರ ಹಕ್ಕು ಕೊಡಲಿಲ್ಲ, ಚರ್ಚು ಜಾತಿ ಬಿಡಲಿಲ್ಲ.

ನಾವು ಕೇಳೋದು ಕರುಣೆಯಲ್ಲ, ಸಮಪಾಲು. ದಲಿತನ ಗೋರಿ ಪಕ್ಕ ತನ್ನ ಗೋರಿ ಬೇಡ ಅನ್ನೋನು ದೇವರನ್ನು ಪ್ರೀತಿಸ್ತೀನಿ ಅಂದರೆ ನಾವು ನಂಬೋದಿಲ್ಲ. ಮೊದಲು ಗೋಡೆ ಬೀಳಲಿ, ಆಮೇಲೆ ಪ್ರಾರ್ಥನೆ!